ಏಳನೆಯ ಬಿಟ್ಟ ಸ್ಥಳ

ಹಾನಗಲ್ಲಿನ ಒಂದು ಪ್ರೌಢಶಾಲೆಯ ಮೇಲಂತಸ್ತಿನಲ್ಲಿ, ಮೆಟ್ಟಿಲು ಹತ್ತಿ ಎಡಕ್ಕೆ ಹೊರಳಿದರೆ ಸಿಗುವ ಮೂರನೆಯ ಕೋಣೆಯ ಹೊರಗೆ, ಎರಡನೆಯ ಕಿಟಕಿಯ ಮುಂದೆ ನಾನು ನಿಂತಿದ್ದೆ. ಮೂರು ವರ್ಷದ ಹಿಂದಿನ ಮೇ ತಿಂಗಳು, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ವೇಳೆಯ ಬಗ್ಗೆ ನನಗೆ ಅನುಮಾನವಿಲ್ಲ. ಪರೀಕ್ಷೆ ಹತ್ತೂವರೆಗೆ ಶುರುವಾಗಿತ್ತು. ನಲವತ್ತು ನಿಮಿಷವಾಯಿತೆಂದು ತಿಳಿಸುವ ಗಂಟೆ ಆಗಷ್ಟೇ ಹೊಡೆದಿತ್ತು. ನನ್ನ ಬಲಗೈ ಕಿಟಕಿಯ ಸರಳಿನ ಮೇಲಿತ್ತು, ಮುಖ ಕೆಳಗಿನ ರಸ್ತೆಯ ಕಡೆಗಿತ್ತು. ಕಿಟಕಿಯ ಗೋಡೆಯಿಂದ ಆ ಹುಡುಗಿ ಕುಳಿತ ಬೆಂಚಿಗೆ ನಾಲ್ಕು ಹೆಜ್ಜೆ. ಈ ಅಳತೆ ಆಮೇಲಿನದು. ನಾನು ಮತ್ತೆ ಅಲ್ಲಿಗೆ ಹೋಗಿ ಖಾಲಿ ಕೋಣೆಯಲ್ಲಿ ಎರಡು ಸಲ ನಡೆದು ನೋಡಿದ್ದೇನೆ.

ಇದನ್ನೆಲ್ಲ ಮೊದಲೇ ಹೇಳುವುದಕ್ಕೆ ಕಾರಣವಿದೆ. ಅಂದು ನನ್ನನ್ನು ಕೇಳಿದ್ದು ಇಷ್ಟೇ: ಎಲ್ಲಿ ನಿಂತಿದ್ದಿರಿ, ಏನು ನೋಡಿದಿರಿ. ನಾನು ಉತ್ತರ ಕೊಟ್ಟೆ. ಆ ಉತ್ತರದಲ್ಲಿ ಒಂದು ಸುಳ್ಳೂ ಇರಲಿಲ್ಲ. ಆದರೂ ಅಂದಿನಿಂದ ನನಗೆ ಒಂದು ಕಡೆ ನೆಟ್ಟಗೆ ಕೂರಲು ಆಗಿಲ್ಲ.

ನಾನು ಸವಣೂರು ತಾಲ್ಲೂಕಿನಲ್ಲಿ, ಯಲವಿಗಿ ಸ್ಟೇಷನ್ನಿಗೆ ಹತ್ತಿರದ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮಲ್ಲಿ ಕೋಣೆ ಕಡಿಮೆ. ಒಂಬತ್ತು ಮತ್ತು ಹತ್ತನೆಯ ತರಗತಿಗಳು ಒಂದೇ ಉದ್ದನೆಯ ಹಾಲಿನಲ್ಲಿ ನಡೆಯುತ್ತವೆ, ನಡುವೆ ಎರಡು ಕಪಾಟುಗಳ ಗೋಡೆ. ಆ ಕಡೆ ಕನ್ನಡ ಕಲಿಸುವ ಟೀಚರು, ಈ ಕಡೆ ನಾನು. ಒಮ್ಮೆ ಆರ್ಟಿಕಲ್ ಪಾಠ ಮಾಡುವಾಗ ನಮ್ಮ ಹುಡುಗರು ಎ, ಆ್ಯನ್, ದಿ ಎಂದು ಒಟ್ಟಿಗೆ ಕೂಗಿದರು. ಟೀಚರು ಕಪಾಟಿನ ಪಕ್ಕದಿಂದ ತಲೆ ಹಾಕಿ ಹೇಳಿದರು: "ಸರ್, ನಿಮ್ಮ ಹುಡುಗೂರು ಹಿಂಗ ಒದರಿದ್ರ ನನ್ನ ಹಳಗನ್ನಡ ಹಾದಿ ಬಿಟ್ಟು ಓಡಿ ಹೊಕ್ಕೈತಿ. ಬಾಯಿ ಮುಚ್ಚಿಸಿ ಕಲಸೂದಾದ್ರ ಕಲಸ್ರಿ, ಇಲ್ಲಾ ಗಿಡದ ಬುಡಕ ಹೋಗ್ರಿ."

ಗಿಡದ ಬುಡದಲ್ಲಿ ಎಂಟನೆಯ ತರಗತಿ ಕೂತಿತ್ತು. ಹಾಗಾಗಿ ಬಾಯಿ ಮುಚ್ಚಿಸಿ ಕಲಿಸಿದೆ. ನಾನು ವಾಕ್ಯ ಓದುವುದು, ಬಿಟ್ಟ ಸ್ಥಳ ಬಂದಾಗ ನಿಲ್ಲುವುದು, ಮಕ್ಕಳು ಬೆರಳಿನಿಂದ ಬೆಂಚು ತಟ್ಟುವುದು. 'ಎ' ಇದ್ದರೆ ಒಂದು ಸಲ, 'ಆ್ಯನ್' ಇದ್ದರೆ ಎರಡು ಸಲ, 'ದಿ' ಇದ್ದರೆ ಮೂರು ಸಲ. ಏನೂ ಬೇಡವಾಗಿದ್ದರೆ ಅಂಗೈಯನ್ನು ಬೆಂಚಿನ ಮೇಲೆ ಸದ್ದಿಲ್ಲದೆ ಇಡುವುದು. ಹಾನಗಲ್ ಎಂಬ ಹೆಸರಿನ ಮೊದಲು ಏನೂ ಬೇಡ, ಆದರೆ ವರದಾ ನದಿಯ ಹೆಸರಿನ ಮೊದಲು 'ದಿ' ಬೇಕು. ನಲವತ್ತು ಅಂಗೈಗಳು ಒಮ್ಮೆಗೇ ಮೆತ್ತಗೆ ಬೆಂಚಿನ ಮೇಲೆ ಇಳಿಯುವುದನ್ನು ನೋಡಲು ನನಗೆ ಇಷ್ಟವಾಗುತ್ತಿತ್ತು.

ಆರ್ಟಿಕಲ್ ಕಲಿಸುವುದು ಸುಲಭವಲ್ಲ. ನಮ್ಮ ಭಾಷೆಯಲ್ಲಿ ಅದು ಇಲ್ಲ. ಇಲ್ಲದ್ದರ ಅಗತ್ಯ ಮಕ್ಕಳಿಗೆ ಹೇಗೆ ತಿಳಿಯಬೇಕು? ನಾನು ಕಥೆಯಿಂದ ಶುರುಮಾಡುತ್ತಿದ್ದೆ. ಒಂದು ಊರಿನಲ್ಲಿ ಒಬ್ಬ ರಾಜ ಇದ್ದ ಎನ್ನುವಾಗ ರಾಜ ಇನ್ನೂ ನಮಗೆ ಗೊತ್ತಿಲ್ಲ, ಅಲ್ಲಿ 'ಎ'. ಆ ರಾಜನಿಗೆ ಮೂವರು ಮಕ್ಕಳು ಎನ್ನುವಾಗ ಯಾವ ರಾಜ ಎಂದು ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು, ಅಲ್ಲಿ 'ದಿ'. ಇಬ್ಬರಿಗೂ ಗೊತ್ತಿರದಿದ್ದರೆ 'ದಿ' ಹಾಕಬೇಡಿ ಎಂದು ಸಾವಿರ ಸಲ ಹೇಳಿದ್ದೇನೆ. 'ಆ್ಯನ್' ಮಾತ್ರ ಕಿವಿಯ ಕೆಲಸ. ಮುಂದಿನ ಶಬ್ದ ಸ್ವರದ ಸದ್ದಿನಿಂದ ಶುರುವಾದರೆ 'ಆ್ಯನ್'. ಅಕ್ಷರ ನೋಡಬೇಡಿ, ಸದ್ದು ಕೇಳಿ. ಅವರ್ ಎನ್ನುವಾಗ ಎಚ್ ಅಕ್ಷರ ಇದ್ದರೂ 'ಆ್ಯನ್', ಯೂನಿಫಾರ್ಮ್ ಎನ್ನುವಾಗ ಯು ಇದ್ದರೂ 'ಎ'.

ಇಲ್ಲಿ ನಮ್ಮ ಕಡೆಯ ಮಕ್ಕಳು ಒಂದು ತಪ್ಪು ಮಾಡುತ್ತಾರೆ. ನಮ್ಮ ನಾಲಿಗೆಗೆ ಎಕಾರ ಬಂದರೆ ಅದು ಯಕಾರವಾಗುತ್ತದೆ. ಸ್ಟೇಷನ್ನಿನ ಊರನ್ನೇ ಕೆಲವರು ಎಲವಿಗಿ ಎಂದು ಬರೆಯುತ್ತಾರೆ, ಎಲ್ಲರೂ ಯಲವಿಗಿ ಎನ್ನುತ್ತಾರೆ. ಶಾಲೆಗೆ ಮೊಟ್ಟೆ ಬಂದ ದಿನ ಮಕ್ಕಳು "ಯಗ್ಗ ಬಂದಾವು" ಎನ್ನುತ್ತಾರೆ. ಸದ್ದು ಕೇಳಿ ಎಂದು ನಾನೇ ಹೇಳಿಕೊಟ್ಟ ಮೇಲೆ, ಯಗ್ಗಿಗೆ ಅವರು ಎರಡರ ಬದಲು ಒಂದೇ ಸಲ ತಟ್ಟುತ್ತಿದ್ದರು.

ಇನ್ನೊಂದು ರೂಢಿಯನ್ನೂ ನಾನೇ ಹಾಕಿದ್ದೆ. ಯಾರಾದರೂ ತಪ್ಪು ತಟ್ಟಿದರೆ ಉಳಿದವರು ಕೈ ಎತ್ತುವಂತಿಲ್ಲ, ನಗುವಂತಿಲ್ಲ, ಸರಿಯಾದದ್ದನ್ನು ತಟ್ಟಿ ತೋರಿಸಬೇಕು. ಎರಡು ವರ್ಷದಲ್ಲಿ ಅದು ಅವರ ಕೈಗೆ ಕೂತುಬಿಟ್ಟಿತ್ತು. ತಪ್ಪು ಕೇಳಿದರೆ ಬೆರಳು ತಾನಾಗಿ ಏಳುತ್ತಿತ್ತು.

ಆ ಹುಡುಗಿ ಹತ್ತನೆಯ ತರಗತಿ ಮುಗಿಸಿದ್ದಳು. ದನದ ಡಾಕ್ಟರ್ ಆಗಬೇಕೆಂದು ಅವಳ ಆಸೆ. ಅದಕ್ಕೆ ಪಿಯುಸಿಯಲ್ಲಿ ವಿಜ್ಞಾನ ಬೇಕು. ಅವಳ ಮನೆಯವರ ಕೈಗೆಟಕುವ ಕಾಲೇಜಿನಲ್ಲಿ ಇದ್ದದ್ದು ಕಲಾ ವಿಭಾಗ ಮಾತ್ರ. ಹಿರೇಕೆರೂರಿನ ಕಡೆ ಒಂದು ಟ್ರಸ್ಟಿನ ವಸತಿ ಕಾಲೇಜಿತ್ತು. ಅವರು ನಾಲ್ಕು ತಾಲ್ಲೂಕಿನ ಮಕ್ಕಳಿಗೆ ಪರೀಕ್ಷೆ ಮಾಡಿ, ಮೊದಲು ಬಂದ ಒಬ್ಬರಿಗೆ ಊಟ ವಸತಿ ಸಹಿತ ವಿಜ್ಞಾನದ ಸೀಟು ಕೊಡುತ್ತಿದ್ದರು. ಒಂದೇ ಸೀಟು. ನಮ್ಮ ಶಾಲೆಯಿಂದ ಇಬ್ಬರು ಹೆಸರು ಕೊಟ್ಟರು, ಇವಳು ಮತ್ತು ಇವಳ ತರಗತಿಯ ಒಬ್ಬ ಹುಡುಗ. ನಾನು ಇಬ್ಬರನ್ನೂ ಬಸ್ಸಿನಲ್ಲಿ ಹಾನಗಲ್ಲಿಗೆ ಕರೆದುಕೊಂಡು ಹೋದೆ. ಅಲ್ಲಿ ಅವರಿಬ್ಬರನ್ನು ಒಂದೇ ಕೋಣೆಯಲ್ಲಿ, ಹಿಂದೆ ಮುಂದೆ ಕೂರಿಸಿದರು. ಜೊತೆಗೆ ಬಂದ ಮಾಸ್ತರರು ವರಾಂಡದಲ್ಲಿ ನಿಲ್ಲಬಹುದು, ಒಳಗೆ ಬರುವಂತಿಲ್ಲ ಎಂದರು.

ಈಗ ನಾನು ನೋಡಿದ್ದು.

ಕೆಳಗೆ ರಸ್ತೆಯಲ್ಲಿ ಮಾವಿನಹಣ್ಣಿನ ಕ್ರೇಟು ತುಂಬಿದ ಒಂದು ಟೆಂಪೋ ಹಿಂದಕ್ಕೆ ಬರುತ್ತ ಬಹಳ ಹೊತ್ತಿನಿಂದ ಹಾರ್ನ್ ಹಾಕುತ್ತಿತ್ತು. ನಾನು ಅದನ್ನು ನೋಡುತ್ತಿದ್ದೆ. ಹಾರ್ನ್ ನಿಂತಿತು. ಆಗ ಕೋಣೆಯ ಒಳಗಿನಿಂದ ಬೆಂಚು ಒಂದು ಸಲ ತಟ್ಟಿದ ಸದ್ದು ಬಂತು. ನಾನು ತಿರುಗಿದೆ. ಹುಡುಗಿಯ ಎಡಗೈ ಬೆಂಚಿನ ಅಂಚಿನ ಮೇಲಿತ್ತು, ಬಲಗೈ ಬರೆಯುತ್ತಿತ್ತು. ಅವಳ ಹಿಂದಿನಿಂದ ಎರಡು ತಟ್ಟು ಕೇಳಿಸಿದವು. ಹುಡುಗ ತಲೆ ಎತ್ತಿರಲಿಲ್ಲ. ತನ್ನ ಕಾಗದ ನೋಡುತ್ತಲೇ ತಟ್ಟಿದ್ದ. ತಟ್ಟಿದ ಮೇಲೆ ತನ್ನ ಬೆರಳನ್ನು ತಾನೇ ನೋಡಿಕೊಂಡ. ಹುಡುಗಿ ಪೆನ್ನು ನಿಲ್ಲಿಸಿದಳು. ಮೂರು ನಾಲ್ಕು ಸೆಕೆಂಡು ಹಾಗೇ ಇದ್ದಳು. ಆಮೇಲೆ ಪೆನ್ನನ್ನು ಕಾಗದದ ಪಕ್ಕಕ್ಕೆ ಇಟ್ಟು ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡಳು. ಬರೆದದ್ದನ್ನು ತಿದ್ದಲಿಲ್ಲ.

ಬಾಗಿಲಲ್ಲಿದ್ದ ಮೇಲ್ವಿಚಾರಕಿ ಒಳಗೆ ಬಂದರು. ಅವರು ಶಿಗ್ಗಾಂವಿಯ ಉಪನ್ಯಾಸಕಿ, ಮಾತು ಕಡಿಮೆ. ಇಬ್ಬರ ಕಾಗದವನ್ನೂ ಎತ್ತಿಕೊಂಡರು, ನನ್ನ ಕಡೆ ನೋಡಿ ಕೈ ಮಾಡಿದರು.

ಹೆಡ್ ಮಾಸ್ತರರ ಕೋಣೆಯಲ್ಲಿ ಟ್ರಸ್ಟಿನ ಕಾರ್ಯದರ್ಶಿ ಕುಳಿತಿದ್ದರು, ವಯಸ್ಸಾದವರು, ಬಿಳಿ ಅಂಗಿ. ತಟ್ಟುವುದರ ಅರ್ಥ ಏನೆಂದು ಕೇಳಿದಾಗ ನಾನು ಎಲ್ಲವನ್ನೂ ಹೇಳಿದೆ.

"ಏನ್ರೀ ಮಾಸ್ತರ, ನೀವು ಇಂಗ್ಲಿಷ್ ಕಲಸ್ತೀರೋ ತಬಲಾ ಕಲಸ್ತೀರೋ?" ಎಂದರು ಕಾರ್ಯದರ್ಶಿ. ಯಾರೂ ನಗಲಿಲ್ಲ. "ಅಂದ್ರ ಇದು ನಿಮ್ಮ ಹುಡುಗೂರಿಗೆಲ್ಲಾ ಗೊತ್ತಿರೋ ಸಂಕೇತ. ಹೌದಲ್ರಿ?"

"ಗೊತ್ತೈತ್ರಿ. ಆದ್ರ ಇಲ್ಲಿ ಮಾಡಿದ್ದು ಬೇಕಂತ ಅಲ್ರಿ, ರೂಢಿ."

"ರೂಢಿಗೂ ಬೇಕಂತ ಮಾಡಿದ್ದಕ್ಕೂ ಸದ್ದು ಒಂದ ಅಲ್ರಿ."

ಹುಡುಗ ಅಳುತ್ತಿದ್ದ. ಹುಡುಗಿ ಅಳಲಿಲ್ಲ. "ಅವನೂ ಅದ ಸೀಟಿಗೇ ಬರೀಲಿಕ್ಕೆ ಬಂದಾನ್ರಿ," ಎಂದಳು. "ನನಗ ಹೇಳಿಕೊಟ್ರ ಅವಂದ ಹೊಕ್ಕೈತಿ. ಬೇಕಂತ ಯಾಕ ತಟ್ತಾನ್ರಿ?"

ಕಾರ್ಯದರ್ಶಿ ಮೇಲ್ವಿಚಾರಕಿಯ ಮುಖ ನೋಡಿದರು. ಮೇಲ್ವಿಚಾರಕಿ ಹುಡುಗಿಯ ಕಾಗದವನ್ನು ಮೇಜಿನ ಮೇಲೆ ಬಿಡಿಸಿದರು. ಆರ್ಟಿಕಲ್ ತುಂಬಬೇಕಾದ ಹತ್ತು ಬಿಟ್ಟ ಸ್ಥಳಗಳಲ್ಲಿ ಏಳನೆಯದು ತಪ್ಪಾಗಿಯೇ ಉಳಿದಿತ್ತು, ಯಗ್ಗಿಗೆ 'ಎ'. ಆದರೆ ಮೂರನೆಯದರಲ್ಲಿ ಮತ್ತು ಐದನೆಯದರಲ್ಲಿ ಗೀಟು ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದಿತ್ತು.

"ಇವೆರಡು ಯಾವಾಗ ತಿದ್ದಿದ್ದು?" ಎಂದರು.

"ಮೊದಲ ತಿದ್ದೀನ್ರಿ ಮೇಡಂ. ನನಗ ತಿಳದು ತಿದ್ದೀನಿ. ಆಗ ಯಾರೂ ತಟ್ಟಿದ್ದಿಲ್ರಿ. ನಾನೂ ತಟ್ಟಿದ್ದಿಲ್ರಿ. ಏಳನೇದಕ್ಕ ಕೈ ತಾನ ತಟ್ಟೇತಿ."

ಮೇಲ್ವಿಚಾರಕಿ ನನ್ನ ಕಡೆ ತಿರುಗಿದರು. "ಸರ್, ನೀವು ಕಿಟಕಿ ಹಂತೇಕ ನಿಂತಿದ್ರಿ. ಏನ್ ನೋಡೀರಿ ಅಷ್ಟ ಹೇಳ್ರಿ."

ಏಳನೆಯದರ ಬಗ್ಗೆ ನಾನು ಮೇಲೆ ಬರೆದಂತೆಯೇ ಹೇಳಿದೆ. ಅವರು ತಲೆಯಾಡಿಸಿದರು. "ಮೂರು, ಐದು?"

"ಅದನ್ನ ನಾ ನೋಡಿಲ್ಲ ಮೇಡಂ."

"ಅದಕ್ಕಿಂತ ಮೊದಲೂ ತಟ್ಟೂದು ನಡದಿತ್ತೇನು?"

"ಹೇಳಾಕ ಬರೂದಿಲ್ರಿ. ಕೆಳಗ ಟೆಂಪೋ ಹಾರ್ನ್ ಹೊಡ್ಯಾಕತ್ತಿತ್ತು. ಕೇಳಿಸಿಲ್ಲ."

"ನಡದಿಲ್ಲ ಅಂತೀರಾ, ಗೊತ್ತಿಲ್ಲ ಅಂತೀರಾ?"

ಹುಡುಗಿ ನನ್ನನ್ನು ನೋಡುತ್ತಿದ್ದಳು. ಒಂದು ಶಬ್ದ ಸಾಕಿತ್ತು. ಮೇಲ್ವಿಚಾರಕಿಯ ಮುಖದಲ್ಲಿ ಆ ಶಬ್ದಕ್ಕಾಗಿ ಕಾಯುತ್ತಿರುವ ಕಳೆ ನನಗೆ ಕಂಡಿತು. ಅದು ನಿಜವಾಗಿಯೂ ಇತ್ತೋ, ನಾನು ಆಮೇಲೆ ಸೇರಿಸಿಕೊಂಡದ್ದೋ ಹೇಳಲಾರೆ.

"ಗೊತ್ತಿಲ್ರಿ," ಎಂದೆ.

ಅಷ್ಟರಲ್ಲಿ ನೀರು ಕೊಡುವ ಹೆಂಗಸು ಕೊಡ ಹಿಡಿದು ಬಾಗಿಲಿಗೆ ಬಂದಳು. ಆ ಶಾಲೆಯ ಅಡುಗೆಯವಳು. ಪರೀಕ್ಷೆಯ ಕೋಣೆಗಳಲ್ಲಿ, ನಮ್ಮ ಮಕ್ಕಳ ಕೋಣೆಯಲ್ಲೂ, ನೀರು ಕೊಡುತ್ತ ತಿರುಗುತ್ತಿದ್ದವಳು. ಒಳಗೆ ಬರಲು ನನ್ನನ್ನು ದಾಟಬೇಕಿತ್ತು. ನಾನು ಪಕ್ಕಕ್ಕೆ ಸರಿದು ಹಾದಿ ಬಿಟ್ಟೆ. ಮೇಜಿನ ಮೇಲೆ ಎರಡು ಲೋಟ ನೀರಿಟ್ಟು ಹೊರಗೆ ಹೋದಳು.

ತೀರ್ಮಾನ ಹತ್ತು ನಿಮಿಷದಲ್ಲಿ ಆಯಿತು. ಇಬ್ಬರಿಗೂ ಆ ಭಾಗದ ಹತ್ತು ಅಂಕ ಇಲ್ಲ, ಉಳಿದದ್ದನ್ನು ಬರೆಯಬಹುದು. ದಯೆಯ ತೀರ್ಮಾನವೆಂದು ಕಾರ್ಯದರ್ಶಿ ಹೇಳಿದರು. ಫಲಿತಾಂಶ ಬಂದಾಗ ಹುಡುಗಿ ಎರಡನೆಯವಳಾಗಿದ್ದಳು, ನಾಲ್ಕು ಅಂಕ ಹಿಂದೆ. ಸೀಟು ಹಿರೇಕೆರೂರಿನ ಒಬ್ಬ ಹುಡುಗಿಗೆ ಹೋಯಿತು. ಅವಳು ಚೆನ್ನಾಗಿಯೇ ಬರೆದಿರಬೇಕು, ಅವಳದೇನೂ ತಪ್ಪಿಲ್ಲ.

ನಾನು ಹುಡುಗಿಯ ತಾಯಿಯನ್ನು ನೋಡಲು ಹೋದೆ. ಅವರು ಸವಣೂರಿನ ಎಲೆತೋಟವೊಂದರಲ್ಲಿ ವೀಳ್ಯದೆಲೆ ಆರಿಸಿ ಕಟ್ಟು ಕಟ್ಟುವ ಕೆಲಸ ಮಾಡುತ್ತಾರೆ. ಹಸಿ ಗೋಣಿಚೀಲದ ಮೇಲೆ ಕೂತು, ಹರಿದ ಎಲೆ ಒಂದು ಕಡೆ, ಒಳ್ಳೆಯದು ಒಂದು ಕಡೆ ಹಾಕುತ್ತಿದ್ದರು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ.

"ಕುಂತ್ಕೋರಿ ಸರ್. ನೆಲಾ ಹಸಿ ಐತಿ, ಆ ಚೀಲದ ಮ್ಯಾಲ ಕುಂದರ್ರಿ."

ನಾನು ಕೂರಲಿಲ್ಲ. ನಡೆದದ್ದನ್ನು ಹೇಳಿದೆ. ಅವರು ಕೇಳಿದರು, ಎಲೆ ಆರಿಸುತ್ತಲೇ.

"ಒಂದ ಮಾತ ಕೇಳ್ಲೇನ್ರಿ ಸರ್? ಆಕಿ ತಿದ್ದಿದ್ದು ಮೊದಲ ಅಂತ ಆಕಿ ಹೇಳಿದ್ಲಲ್ರಿ?"

"ಹೇಳಿದ್ಲು."

"ನಿಮಗ ಆಕಿ ಎಷ್ಟ್ ವರ್ಷದಿಂದ ಗೊತ್ತ್ರಿ?"

"ಮೂರು ವರ್ಷ."

"ನಮ್ಮ ಮಾವನ ಕಾಲದಾಗ ನಮ್ಮನ್ಯಾಗ ಬೌದ್ಧ ದೀಕ್ಷಾ ತಗೊಂಡಾರ್ರಿ. ಅವತ್ತಿಂದ ದಿನಾ ಸಂಜಿಗೆ ಪಂಚಶೀಲ ಅಂತೇವಿ. ಸುಳ್ಳಾಡೂದಿಲ್ಲ ಅನ್ನೂದು ಅದರಾಗ ನಾಕನೇದ್ರಿ. ಆಕಿ ಅದನ್ನ ಮಾತು ಬಂದಾಗಿಂದ ಅಂತಾಳ." ಒಂದು ಕಟ್ಟು ಮುಗಿಸಿ ಬಾಳೆನಾರಿನಿಂದ ಬಿಗಿದರು. "ನಿಮಗ ನಾ ಏನೂ ಅನ್ನಾಕತ್ತಿಲ್ರಿ. ನೀವು ನೋಡಿದ್ದಷ್ಟ ಹೇಳೀರಿ. ನೀವು ಭಾಳ ಚೊಕ್ಕ ಮನಶ್ಯಾರು."

ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋದೆ, ಬಸ್ ಬಂತು, ಹತ್ತಲಿಲ್ಲ. ಮತ್ತೊಂದು ಬಂದಾಗ ಹತ್ತಿ, ಅರ್ಧ ದಾರಿಯಲ್ಲಿ ಕಾರಣವಿಲ್ಲದೆ ಇಳಿದೆ. ಆ ಬೇಸಿಗೆಯಲ್ಲಿ ನನ್ನ ಹೆಂಡತಿ ನನ್ನನ್ನು ಕೇಳುತ್ತಿದ್ದಳು: "ಮನ್ಯಾಗ ಇರೂವಾಗ ಚಪ್ಪಲಿ ಯಾಕ ಬಿಡೂದಿಲ್ಲ ನೀವು? ಎಲ್ಲಿಗಿ ಹೊಂಟೀರಿ?"

ಜೂನ್ ಕೊನೆಯಲ್ಲಿ ತರಬೇತಿಗೆಂದು ಶಿಗ್ಗಾಂವಿಗೆ ಹೋಗಿದ್ದೆ. ಗುರುವಾರ, ಮಧ್ಯಾಹ್ನ ಒಂದೂವರೆ. ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಒಬ್ಬ ಹೆಂಗಸು ನನ್ನನ್ನು ದಿಟ್ಟಿಸಿ ನೋಡಿ ಹತ್ತಿರ ಬಂದಳು. ಹಾನಗಲ್ಲಿನ ನೀರಿನವಳು. ಹುಲಗೂರಿನ ದರ್ಗಾಕ್ಕೆ ಹೊರಟಿದ್ದಳು, ಕೈಯಲ್ಲಿ ಸಕ್ಕರೆ ಊದಿನಕಡ್ಡಿಯ ಚೀಲ.

"ಸರ್, ನಿಮ್ಮ ಹುಡುಗಿಗೆ ಸೀಟ್ ಸಿಕ್ತೇನ್ರಿ?"

ಇಲ್ಲವೆಂದೆ. ಯಾಕೆಂದು ಕೇಳಿದಳು. ಎರಡು ಕಡೆ ತಿದ್ದಿದ್ದು ಯಾವಾಗ ಎಂಬುದಕ್ಕೆ ಸಾಕ್ಷಿ ಇರಲಿಲ್ಲ ಎಂದೆ.

"ನಾ ಇದ್ನೆಲ್ರಿ," ಎಂದಳು. "ಆಕಿ ನೀರ ಕೇಳಿದ್ಲು. ನಾ ಲೋಟಾ ಹಿಡಕೊಂಡು ನಿಂತೆ. ಆಕಿ ಎರಡು ಕಡೆ ಗೀಟ್ ಹೊಡದು, ಬರದು, ಆಮ್ಯಾಲ ಲೋಟಾ ಇಸ್ಕೊಂಡ್ಲು. ಕುಡದು ಕೊಟ್ಲು. ನಾ ಮುಂದಿನ ಸಾಲಿಗೆ ಹೋದ ಮ್ಯಾಲ ತಟ್ಟಿದ್ದು ಕೇಳ್ತು. ನೀರಿಗೆ ಕರ್ಯಾಕತ್ತಾರ ಅಂತ ನಾ ಹೊಳ್ಳಿ ನೋಡಿದ್ನಿ. ಅದಕ್ಕಿಂತ ಮೊದಲ ಯಾರೂ ತಟ್ಟಿಲ್ರಿ. ತಟ್ಟಿದ್ರ ಆಗ ಹೊಳ್ಳಿ ನೋಡ್ತಿದ್ನಿ."

"ಅವತ್ತ ಯಾಕ ಹೇಳಲಿಲ್ಲವ್ವಾ?"

"ಯಾರ್ ಕೇಳಿದ್ರಿ ನನ್ನ? ನೀವು ದೊಡ್ಡಾವ್ರು ಮಾತಾಡಾಕತ್ತಿದ್ರಿ. ನಾ ನೀರಿಟ್ಟು ಬಂದ್ನಿ."

ಮೇಲ್ವಿಚಾರಕಿಯ ಮನೆ ಅಲ್ಲಿಂದ ದೂರವಿರಲಿಲ್ಲ. ನನ್ನ ಜೊತೆ ಬರುತ್ತೀಯಾ ಎಂದು ಕೇಳಿದೆ. ಹುಲಗೂರಿನ ಬಸ್ ತಪ್ಪುತ್ತದೆ ಎಂದಳು, ಆದರೂ ಬಂದಳು. ಮೇಲ್ವಿಚಾರಕಿ ಇಬ್ಬರನ್ನೂ ಕೂರಿಸಿ, ಅವಳ ಮಾತನ್ನು ಪೂರ್ತಿ ಕೇಳಿದರು. ಮಧ್ಯೆ ಎರಡು ಪ್ರಶ್ನೆ ಕೇಳಿದರು: ಲೋಟ ಎಡಗೈಯಲ್ಲಿ ಕೊಟ್ಟೆಯಾ ಬಲಗೈಯಲ್ಲಾ, ಹುಡುಗಿ ಕುಡಿಯುವಾಗ ಪೆನ್ನು ಎಲ್ಲಿತ್ತು. ಅವಳು ತಡವರಿಸದೆ ಹೇಳಿದಳು.

"ಈಕಿ ಸುಳ್ಳ ಹೇಳಾಕತ್ತಿಲ್ಲ," ಎಂದರು ಮೇಲ್ವಿಚಾರಕಿ. "ಆದ್ರ ಕಾಲೇಜ್ ಶುರು ಆಗಿ ಹದಿನೈದು ದಿನ ಆತ್ರಿ ಸರ್. ಸೀಟ್ ಸಿಕ್ಕ ಹುಡುಗಿ ಬಂದು ಹಾಸ್ಟೆಲ್ಲಿನಾಗ ಅದಾಳ. ಆಕಿನ್ನ ಎಬ್ಬಿಸಿ ಕಳಸಾಕ ಆಗೂದಿಲ್ಲ." ಆಮೇಲೆ ನನ್ನನ್ನು ನೋಡಿ ಕೇಳಿದರು: "ಈಕಿ ಅವತ್ತ ಬಾಗಲದಾಗ ಬಂದಿದ್ಲು. ಆ ಕ್ವಾಣ್ಯಾಗ ನೀರ ಕೊಟ್ಟಾಕಿ ಈಕೀನ ಅಂತ ನಿಮಗ ಗೊತ್ತಿತ್ತು. ನೀವು ಯಾಕ ಕೇಳಲಿಲ್ಲ?"

"ತಿಳೀಲಿಲ್ರಿ."

"ನನಗೂ ತಿಳೀಲಿಲ್ಲ," ಎಂದರು ಅವರು. ಅವರು ಟ್ರಸ್ಟಿಗೆ ಒಂದು ಪತ್ರ ಬರೆದರೆಂದು ಆಮೇಲೆ ತಿಳಿಯಿತು. ಅದಕ್ಕೆ ಉತ್ತರ ಬಂದಂತೆ ಕಾಣೆ.

ಆ ವಾರವೇ ಹುಡುಗಿಯನ್ನು ಭೇಟಿಯಾದೆ. ಸವಣೂರಿನ ಕಾಲೇಜಿನ ಗೇಟಿನ ಹೊರಗೆ, ಕಲಾ ವಿಭಾಗದ ಹೊಸ ಪುಸ್ತಕಗಳನ್ನು ಎದೆಗೆ ಹಿಡಿದುಕೊಂಡು ನಿಂತಿದ್ದಳು. ನೀರಿನವಳು ಹೇಳಿದ್ದನ್ನು ಒಂದೊಂದಾಗಿ ಹೇಳಿದೆ, ಲೋಟದ ವಿಷಯವನ್ನೂ. ಅವಳಿಗೆ ಸಮಾಧಾನವಾಗಬಹುದು ಎಂದುಕೊಂಡಿದ್ದೆ. "ನೀನು ಹೇಳಿದ್ದು ಖರೇ ಅಂತ ಈಗ ಗೊತ್ತಾತು," ಎಂದೆ.

"ನಾ ಅವತ್ತ ಹೇಳಿದ್ನೆಲ್ರಿ ಸರ್," ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ತರಗತಿಯಲ್ಲಿ ಹಾಜರಿ ಕೂಗುವಾಗ ಒಮ್ಮೆ ಹಾಜರ್ ಎಂದದ್ದು ನನಗೆ ಕೇಳಿಸದಿದ್ದರೆ ಎರಡನೆಯ ಸಲ ಹೇಳುತ್ತಾರಲ್ಲ, ಹಾಗೆ ಹೇಳಿದಳು. ಬಸ್ ಬಂತು, ಹೋದಳು.

ನಾನು ಈಗಲೂ ಅದೇ ಶಾಲೆಯಲ್ಲಿ ಅದೇ ಪಾಠ ಮಾಡುತ್ತೇನೆ. ತಟ್ಟುವುದನ್ನು ನಿಲ್ಲಿಸಿದ್ದೇನೆ. ಮಕ್ಕಳು ಕಾಗದದ ಮೇಲೆ ಬರೆದು ಎತ್ತಿ ತೋರಿಸುತ್ತಾರೆ. ಕನ್ನಡ ಟೀಚರು, "ಯಾಕ್ರಿ ಸರ್, ನಿಮ್ಮ ಕಡೆ ಸಪ್ಪಳಾನ ಇಲ್ಲ, ಎಲ್ಲಾರೂ ಮಕ್ಕೊಂಡ್ರೇನು?" ಎಂದು ಕಪಾಟಿನ ಆಚೆಯಿಂದ ಕೇಳುತ್ತಾರೆ.

ಅಂದು ನಾನು ಹೇಳಿದ ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸಿದ್ದೇನೆ. ನೋಡಿದ್ದನ್ನು ನೋಡಿದೆ ಎಂದೆ, ನೋಡದ್ದನ್ನು ನೋಡಿಲ್ಲ ಎಂದೆ. ಆದರೆ "ಗೊತ್ತಿಲ್ಲ" ಎಂಬುದು ಪೂರ್ತಿ ಸರಿಯಾದ ಉತ್ತರವಲ್ಲ. ಮೂರನೆಯದನ್ನು ಮತ್ತು ಐದನೆಯದನ್ನು ತಿದ್ದಿದ್ದು ಯಾವಾಗ ಎಂದು ನನಗೆ ಗೊತ್ತಿತ್ತು, ಯಾಕೆಂದರೆ ಅದನ್ನು ಮಾಡಿದವಳು ನನ್ನ ಎದುರು ನಿಂತು ಹೇಳಿದ್ದಳು. ಅವಳ ಮಾತನ್ನು ನಾನು ಆರೋಪಿಯ ಮಾತೆಂದು ಪಕ್ಕಕ್ಕಿಟ್ಟು, ಸಾಕ್ಷಿ ಹುಡುಕಿದೆ. ಸಾಕ್ಷಿ ನೀರಿನ ಕೊಡ ಹಿಡಿದು ಬಂದಾಗ ಅವಳಿಗೆ ಹಾದಿ ಬಿಟ್ಟೆ.

ಅಂದು ನಡೆದದ್ದನ್ನು ನೋಡಿದವರಲ್ಲಿ ಕಾರ್ಯದರ್ಶಿ ಕಳೆದ ವರ್ಷ ತೀರಿಕೊಂಡರು. ಅವರು ನೋಡಿದ್ದು ಕಾಗದವನ್ನು ಮಾತ್ರ. ಉಳಿದವರು ಇದ್ದಾರೆ. ಮೇಲ್ವಿಚಾರಕಿ ಶಿಗ್ಗಾಂವಿಯಲ್ಲಿ ಇದ್ದಾರೆ, ಇನ್ನೂ ಕೆಲಸದಲ್ಲಿದ್ದಾರೆ. ನೀರಿನವಳು ಹಾನಗಲ್ಲಿನ ಅದೇ ಶಾಲೆಯಲ್ಲಿ ಇದ್ದಾಳೆ. ಯಾರು ಬೇಕಾದರೂ ಹೋಗಿ ಕೇಳಬಹುದು, ಹೇಳುತ್ತಾಳೆ. ಹಿಂದಿನ ಬೆಂಚಿನ ಹುಡುಗ ಹುಲಗೂರಿನಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ, ನನ್ನನ್ನು ಕಂಡರೆ ಅಂಗಡಿಯ ಒಳಗೆ ಹೋಗುತ್ತಾನೆ. ಮತ್ತು ಹುಡುಗಿ. ಸವಣೂರಿನಲ್ಲಿ ಬಿ.ಎ. ಮೊದಲನೆಯ ವರ್ಷದಲ್ಲಿ ಇದ್ದಾಳೆ. ಎಲ್ಲರಿಗಿಂತ ಹತ್ತಿರದಿಂದ ನೋಡಿದವಳು ಅವಳು.